ಪ್ರಾಣದೇವರ ಮೇಲೊಂದು ಪರಿಹಾರದ ಅರ್ಜಿ

ಸರ್ಕಾರಿ ಅರ್ಜಿ ಅಂದರೆ ಜನ ಯಾಕೆ ಅಷ್ಟು ಹೆದರುತ್ತಾರೋ ನನಗೆ ಎಂದೂ ಅರ್ಥವಾಗಿರಲಿಲ್ಲ. ಮದರಾಸಿನ ಎಣ್ಣೂರಿನ ಕಡೆಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ನನ್ನ ಕೆಲಸವೇ ಅದು. ಪೆಟ್ಟು ಮಾಡಿಕೊಂಡ ಕೆಲಸಗಾರರು ಪರಿಹಾರ ಕೇಳಿ ಅರ್ಜಿ ಹಾಕುತ್ತಿದ್ದರು. ನಾನು ಅದರಲ್ಲಿ ಕೊಂಕು ಹುಡುಕಿ ವಾಪಸ್ ಕಳಿಸುತ್ತಿದ್ದೆ. ದಿನಾಂಕ ತಿದ್ದಿದೆ, ಎರಡನೇ ಪ್ರತಿ ಎಲ್ಲಿ, ಸಾಕ್ಷಿ ಸಾಲದು! ಕಂಪನಿಯವರು ನಿವೃತ್ತಿಯ ದಿನ ನನಗೆ ಹಾರ ಹಾಕಿದರು. ಕೆಲಸಗಾರರ ಕಡೆಯಿಂದ ಯಾರೂ ಬರಲಿಲ್ಲ.

ಅಂಥ ನಾನು ಹೋದ ಬೇಸಿಗೆಯಲ್ಲಿ ಬಲಗೈ ಮುರಿದುಕೊಂಡೆ. ಕಾರಣ, ಒಂದು ಕೋತಿ.

ನಮ್ಮ ಮನೆ ಪಲ್ಲಾವರದಲ್ಲಿ, ಗುಡ್ಡದ ಮಗ್ಗುಲಲ್ಲೇ ಇದೆ. ನಾನು ಮೈಸೂರಿನ ಕಡೆಯವನು. ನನ್ನ ಹೆಂಡತಿ ರುಕ್ಮಿಣಿ ಮೂರು ತಲೆಮಾರಿನಿಂದ ಮದರಾಸಿನವಳು. ಮಾಧ್ವರ ಮನೆ ಎಂದ ಮೇಲೆ ದೇವರಿಗೆ ನೈವೇದ್ಯವಾದ ಕೂಡಲೇ ಪ್ರಾಣದೇವರಿಗೆ, ಅಂದರೆ ಹನುಮಪ್ಪನಿಗೆ, ಒಂದು ಪಾಲು ಸಲ್ಲಬೇಕು. ಎರಡು ವರ್ಷದ ಹಿಂದೆ ಒಂದು ಶನಿವಾರ ಸರಿಯಾಗಿ ಆ ಹೊತ್ತಿಗೇ ಗುಡ್ಡದಿಂದ ಕೋತಿಯೊಂದು ಇಳಿದು ನಮ್ಮ ತಾರಸಿಯ ಮೇಲೆ ಕುಳಿತಿತು. ರುಕ್ಮಿಣಿ ಕಣ್ಣಲ್ಲಿ ನೀರು ತಂದುಕೊಂಡಳು. ಅಲ್ಲಿಂದ ಮುಂದೆ ಪ್ರತಿ ಶನಿವಾರ ಹನ್ನೊಂದಕ್ಕೆ ಪ್ರಾಣದೇವರ ಪಾಲು ನೇರವಾಗಿ ಪ್ರಾಣದೇವರಿಗೇ ಸಲ್ಲತೊಡಗಿತು. ಮೊಸರನ್ನ, ಎರಡು ವಡೆ, ಒಂದು ಬಾಳೆಹಣ್ಣು. ನನಗೆ ಸಕ್ಕರೆ ಕಾಯಿಲೆ ಎಂದು ಬಾಳೆಹಣ್ಣು ಇಲ್ಲ!

ನಾನು ಬಿದ್ದ ದಿನ ಬುಧವಾರ. ತಾರಸಿಯಲ್ಲಿ ಹಳೇ ಪಂಚೆ ಹಾಸಿ ಸಂಡಿಗೆ ಒಣಗಿಸಿದ್ದೆವು. ಕಾವಲಿಗೆ ನಾನು. ಪ್ರಾಣದೇವರು ವಾರ ತಪ್ಪಿ ಬಂದುಬಿಟ್ಟರು! ನಾನು ಪ್ಲಾಸ್ಟಿಕ್ ಸ್ಟೂಲ್ ಹತ್ತಿ, ಕೊಡೆ ಎತ್ತಿ "ಹೋಗ್!" ಎಂದೆ. ಕನ್ನಡ ಬಾರದೇನೋ ಎಂದು "ಪೋ!" ಎಂದೂ ಹೇಳಿ ನೋಡಿದೆ. ಅದು ನನ್ನನ್ನೇ ದಿಟ್ಟಿಸಿ ಹಲ್ಲು ಬಿಟ್ಟಿತು. ನಾನು ಧೈರ್ಯವಾಗಿ ಒಂದು ಹೆಜ್ಜೆ ಹಿಂದೆ ಇಟ್ಟೆ. ಸ್ಟೂಲು ಅಷ್ಟು ಅಗಲ ಇರಲಿಲ್ಲ.

ಕೈಗೆ ಪ್ಲಾಸ್ಟರ್ ಬಿತ್ತು. ನೋವಿಗಿಂತ ಹೆಚ್ಚು ಉರಿಸಿದ್ದು ಮನೆಯವರ ಮಾತು.

"ಏನೂಂದ್ರೆ, ಪ್ರಾಣದೇವರು ಏನೂ ಮಾಡ್ಲಿಲ್ಲ. ನೀವೇ ಭಯಪಟ್ಟು ಬಿದ್ರಿ" ಎಂದಳು ರುಕ್ಮಿಣಿ.

ಮಗಳು ವೈಷ್ಣವಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ತಮಿಳಲ್ಲಿ. "ಆಮಾಪ್ಪಾ, ನೀಂಗಳೇದಾನ್ ವಿಳುಂದೀಂಗ" ಎಂದು ಅವಳೂ ಅಮ್ಮನ ಕಡೆಗೇ ಸೇರಿದಳು.

ನಾನೇ ಬಿದ್ದೆನಂತೆ! ಅವತ್ತೇ ತೀರ್ಮಾನಿಸಿದೆ. ಕಾಡುಪ್ರಾಣಿಯಿಂದ ಪೆಟ್ಟಾದವರಿಗೆ ಸರ್ಕಾರ ಪರಿಹಾರ ಕೊಡುತ್ತದೆ. ದುಡ್ಡು ಎಷ್ಟಾದರೂ ಬರಲಿ. "ಇವರನ್ನು ಬೀಳಿಸಿದ್ದು ಕೋತಿಯೇ" ಎಂದು ಮೊಹರು ಹಾಕಿದ ಒಂದು ಕಾಗದ ನನಗೆ ಬೇಕಿತ್ತು. ಅದಕ್ಕೆ ಚೌಕಟ್ಟು ಹಾಕಿಸಿ ಊಟದ ಮನೆಯಲ್ಲಿ ತೂಗುಹಾಕುವ ಯೋಚನೆಯಿತ್ತು.

ಮೊದಲು ಪೊಲೀಸ್ ಠಾಣೆಗೆ ಹೋದೆ. "ಆರೋಪಿಯ ವಿಳಾಸ ಗೊತ್ತಾ?" ಎಂದು ಕೇಳಿ ಅವರವರೇ ನಕ್ಕರು. ಅಲ್ಲಿಂದ ಅರಣ್ಯ ಇಲಾಖೆಯ ಕಚೇರಿ. ಅವರ ಬಳಿ ಇದ್ದದ್ದು ಆನೆ, ಹಂದಿ ಹೊಲಕ್ಕೆ ನುಗ್ಗಿದರೆ ತುಂಬುವ ಫಾರಂ. ಇರಲಿ, ಫಾರಂ ಯಾವುದಾದರೇನು, ತುಂಬುವವನು ಮುಖ್ಯ!

ಮನೆಗೆ ತಂದು ನಾನು ಹೇಳುತ್ತಾ ಹೋದೆ, ವೈಷ್ಣವಿ ತಮಿಳಿನಲ್ಲಿ ಬರೆಯುತ್ತಾ ಹೋದಳು. ನಷ್ಟವಾದ ಬೆಳೆ: ಸಂಡಿಗೆ. ವಿಸ್ತೀರ್ಣ: ಒಂದೂವರೆ ಪಂಚೆ. ನೀರಾವರಿ ಮೂಲ: ಇಲ್ಲ, ಒಣ ಬೆಳೆ. ಪ್ರಾಣಿ ಈ ಮೊದಲು ಕಂಡುಬಂದಿದೆಯೇ: ಎರಡು ವರ್ಷದಿಂದ ಪ್ರತಿ ಶನಿವಾರ, ಹನ್ನೊಂದು ಗಂಟೆಗೆ, ತಪ್ಪದೆ.

"ಘಟನೆಯ ವಿವರ" ಎಂಬಲ್ಲಿ ನನ್ನ ಭಾಷೆ ಕಳೆಗಟ್ಟಿತು. "ಸದರಿ ವಾನರವು ದುರುದ್ದೇಶದಿಂದ, ಪೂರ್ವಸಿದ್ಧತೆಯೊಂದಿಗೆ, ಅರ್ಜಿದಾರನತ್ತ ಹಲ್ಲು ಕಿರಿದು..."

"ಅಪ್ಪಾ, ಅದು ಕೊಟ್ಟಾವಿದಾನ್ ವಿಟ್ಟದು" ಎಂದಳು ಮಗಳು. ಅದು ಬರೀ ಆಕಳಿಸಿತಂತೆ!

"ಹೇಳಿದ್ದು ಬರಿ" ಎಂದೆ.

ಪ್ರಾಣಿಯ ಫೋಟೋ ಲಗತ್ತಿಸಬೇಕಿತ್ತು. ಮಗಳ ಫೋನಿನಲ್ಲಿ ಹುಡುಕಿದರೆ ಎಲ್ಲದರಲ್ಲೂ ಬರೀ ಬಾಲ. ಮುಖ ಸ್ಪಷ್ಟವಾಗಿದ್ದದ್ದು ಒಂದೇ ಒಂದು, ಹನುಮಜ್ಜಯಂತಿಯ ದಿನ ತೆಗೆದದ್ದು. ಕಿವಿ, ಮೂಗು, ಗಲ್ಲದ ಮೇಲಿನ ಮಚ್ಚೆ ಎಲ್ಲ ಚೆನ್ನಾಗಿ ಬಂದಿತ್ತು. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಎಡಗೈಯಲ್ಲಿ ಸಹಿ ಗೀಚಿ, ಎರಡು ಪ್ರತಿ ಸಲ್ಲಿಸಿದೆ. ಅರ್ಜಿ ಎಂದರೆ ಹೀಗಿರಬೇಕು ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುವವನಿದ್ದೆ. ಕೈ ಏಳಲಿಲ್ಲ.

ಹದಿನೈದು ದಿನದ ಮೇಲೆ ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರು ಸ್ಥಳ ಪರಿಶೀಲನೆಗೆ ಬಂದರು. ವಯಸ್ಸಾದವರು, ಶಾಂತ ಸ್ವಭಾವ. ಅವರು ಬಂದದ್ದು ಶನಿವಾರ. ಹತ್ತೂಮುಕ್ಕಾಲಕ್ಕೆ!

ತಾರಸಿಯಲ್ಲಿ ಕುರ್ಚಿ ಹಾಕಿದೆ. ರುಕ್ಮಿಣಿ ಕಾಫಿ ತಂದಳು. ಅವರು ಫೈಲ್ ಬಿಚ್ಚಿ, ನನ್ನ ಸಹಿ ತೋರಿಸಿ ತಮಿಳಿನಲ್ಲಿ ಕೇಳಿದರು: "ಸಾರ್, ಇದು ಸಹಿಯಾ, ಇಲ್ಲಾ ಕೋತಿ ಪರಚಿದ ಗುರುತಾ?"

ಆಮೇಲೆ ಫೋಟೋ ಹೊರತೆಗೆದರು. "ಕೋತಿ ಸರಿ. ಅದರ ಮುಂದೆ ಮಡಿ ಉಟ್ಟು, ಗೋಪಿಚಂದನ ಹಚ್ಚಿ, ತಟ್ಟೆ ಹಿಡಿದು ಬಗ್ಗಿ ನಿಂತಿದ್ದಾರಲ್ಲ, ಇವರು ಯಾರು?"

ಆ ಫೋಟೋವನ್ನು ನಾನು ನೂರು ಸಲ ನೋಡಿದ್ದೆ. ಕೋತಿಯ ಮಚ್ಚೆ ಕಂಡಿತ್ತೇ ಹೊರತು ನಾನು ಕಂಡಿರಲಿಲ್ಲ!

"ಇವರೇ ಸಾರ್" ಎಂದು ರುಕ್ಮಿಣಿ ಹೆಮ್ಮೆಯಿಂದ ತಮಿಳಿನಲ್ಲೇ ಹೇಳಿದಳು. "ಎರಡು ವರ್ಷದಿಂದ ಒಂದು ವಾರ ತಪ್ಪಿಸಿಲ್ಲ. ಪ್ರಾಣದೇವರು ನಮ್ಮ ಮನೆ ದೇವರು."

"ಕಾಡುಪ್ರಾಣಿಗೆ ಊಟ ಹಾಕೋದು ತಪ್ಪು ಅಮ್ಮಾ. ಕೇಸ್ ಹಾಕಬಹುದು" ಎಂದರು ಅವರು. "ನೀವೇ ಕರೆದು ಬಡಿಸಿ, ನೀವೇ ಪರಿಹಾರ ಕೇಳಿದರೆ ನಾನು ಏನು ಬರೆಯಲಿ?"

ಅಷ್ಟರಲ್ಲಿ ಹನ್ನೊಂದಾಯಿತು. ಆರೋಪಿ ಬಂದಿತು. ಈ ಸಲ ಹೊಟ್ಟೆಗೆ ಅವುಚಿಕೊಂಡ ಒಂದು ಪುಟ್ಟ ಮರಿಯೊಂದಿಗೆ. ಬ್ರಹ್ಮಚಾರಿ ಎಂದು ನಂಬಿ ಎರಡು ವರ್ಷ ಕೈಮುಗಿದಿದ್ದೆವು!

ರುಕ್ಮಿಣಿ ಒಂದು ಗಳಿಗೆ ತಬ್ಬಿಬ್ಬಾದಳು, ಅಷ್ಟೇ. "ಅಯ್ಯೋ ಪಾವಂ, ಬಾಣಂತಿ" ಎಂದು ಒಳಗೆ ಓಡಲು ಹೊರಟವಳು ಅಧಿಕಾರಿಯ ಮುಖ ನೋಡಿ ನಿಂತಳು.

ಅವರು ಕನ್ನಡಕ ತೆಗೆದು ಒರೆಸಿದರು. "ನೋಡಿ ಸಾರ್, ಇದು ಬೀಳಿಸಿದ್ದು ನಿಜ ಅಂತ ನೀವು ಹಟ ಹಿಡಿದರೆ ಇದು ಜನರ ಮೇಲೆ ಬೀಳುವ ಪ್ರಾಣಿ ಅಂತ ಬರೆಯಬೇಕಾಗುತ್ತೆ. ಸೋಮವಾರ ಬೋನು ತಂದು ಇಡ್ತೇವೆ. ಎಲ್ಲೋ ದೂರದ ಕಾಡಿಗೆ ಬಿಡ್ತೇವೆ. ಮರಿ ಇನ್ನೂ ಚಿಕ್ಕದು, ಅದರ ಹಣೆಬರಹ. ಇಲ್ಲ ಅಂದರೆ ಅರ್ಜಿ ವಾಪಸ್ ತಗೊಳ್ಳಿ, ಇನ್ನು ಮೇಲೆ ಒಂದು ಕಾಳೂ ಹಾಕಬೇಡಿ, ಅದು ತಾನಾಗೇ ಗುಡ್ಡಕ್ಕೆ ಹೋಗುತ್ತೆ."

ರುಕ್ಮಿಣಿ ನನ್ನ ಕಡೆ ತಿರುಗಿದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಹಾಗೆ ಬೇಡಿದ್ದು ನಾನು ನೋಡಿರಲಿಲ್ಲ. "ಏನೂಂದ್ರೆ... ಬೋನು ಬೇಡ. ನಾನು ಇನ್ನು ಹಾಕಲ್ಲ. ಆಣೆ."

ಸತ್ಯವಾಗಿ ಹೇಳುತ್ತೇನೆ, ಒಂದು ಕ್ಷಣ ನಾನು ಆ ಮೊಹರಿನ ಕಾಗದದ ಬಗ್ಗೆಯೇ ಯೋಚಿಸುತ್ತಿದ್ದೆ. ಅಂಥ ನೀಚ ನಾನು. ಆಮೇಲೆ ಆ ಮರಿ ತಾಯಿಯ ತೋಳಿನ ಸಂದಿಯಿಂದ ನನ್ನತ್ತ ಇಣುಕಿ ಆಕಳಿಸಿತು. ಹೌದು, ಅದು ಆಕಳಿಕೆಯೇ. ಅಮ್ಮನ ಹಾಗೆಯೇ ಇತ್ತು! ನನಗೆ ನಾಚಿಕೆಯಾಯಿತು.

"ವಾಪಸ್ ತಗೋತೀನಿ ಸಾರ್" ಎಂದೆ.

"ಕೈಬರಹದಲ್ಲಿ ಬೇಕು" ಎಂದರು.

ನನ್ನ ಕೈ ಪ್ಲಾಸ್ಟರಿನಲ್ಲಿತ್ತು. ರುಕ್ಮಿಣಿ ಬರೆದಳು, ಮುತ್ತಿನಂಥ ತಮಿಳಿನಲ್ಲಿ, ಒಂದೂ ಕಾಟು ಹೊಡೆಯದೆ: ನನ್ನ ಯಜಮಾನರನ್ನು ಯಾವ ಪ್ರಾಣಿಯೂ ಮುಟ್ಟಿಲ್ಲ, ಅವರು ತಾವೇ ಭಯಪಟ್ಟು ಸ್ಟೂಲಿನಿಂದ ಬಿದ್ದಿದ್ದಾರೆ. ಬರೆಯುವಾಗ ಅವಳ ಮುಖದಲ್ಲಿ ಬೇಡುವ ಭಾವ ಅಷ್ಟೇನೂ ಉಳಿದಿರಲಿಲ್ಲ.

ನಾನು ಎಡಗೈಯಲ್ಲಿ ಪೆನ್ನು ಹಿಡಿದೆ. ಅಧಿಕಾರಿ ಮೆಲ್ಲಗೆ ಪೆನ್ನು ಕಿತ್ತುಕೊಂಡು, ಜೇಬಿನಿಂದ ಸ್ಟಾಂಪ್ ಪ್ಯಾಡ್ ತೆಗೆದು ನನ್ನ ಹೆಬ್ಬೆರಳನ್ನು ಅದರ ಮೇಲೆ ಒತ್ತಿದರು. ಕಾಗದದ ಮೇಲೆ ಹೆಬ್ಬೆಟ್ಟು ದುಂಡಗೆ ಮೂಡಿತು. ಅದರ ಕೆಳಗೆ ಅವರು ಇಲಾಖೆಯ ಮೊಹರು ಹಾಕಿ, ಒಂದು ಪ್ರತಿ ನನ್ನ ಕೈಗಿತ್ತು ಹೇಳಿದರು: "ಈಗ ನೋಡಿ ಸಾರ್, ಒಂದು ತಪ್ಪೂ ಇಲ್ಲ."