ಮೂವತ್ತೆಂಟನೆಯ ಪ್ರಶ್ನೆ

ಒಂದು ಪ್ರಶ್ನೆಗೆ ಉತ್ತರ ತುಂಬದೆ ಮುಂದಿನದಕ್ಕೆ ಹೋಗಲು ಬಿಡದ ಯಂತ್ರವದು. ಕಾನ್‌ಸ್ಟೇಬಲ್ ಲಿಸಿಯಾಟೆಯ ಕಷ್ಟ ಶುರುವಾದದ್ದೇ ಅಲ್ಲಿಂದ. ಅಪಘಾತಗಳ ವಿವರ ಬರೆದುಕೊಳ್ಳಲು ದ್ವೀಪಪಟ್ಟಣ ನುಕುಅಲೋಫಾದ ಠಾಣೆಗೆ ಬಂದ ಅಂಗೈಯಗಲದ ಕಂಪ್ಯೂಟರನ್ನು ಅವನ ಕೈಗಿಡುತ್ತ ಇನ್‌ಸ್ಪೆಕ್ಟರ್ ಟಾನಿಯೇಲಾ, "ಮೊದಲನೇ ವರದಿ ಸರಿಯಾಗಿ ಬಂದ್ರೆ ಇಲ್ಲೇ ಇರ್ತೀಯ. ಇಲ್ಲಾಂದ್ರೆ ನಿಯುವಾ ದ್ವೀಪ. ತಿಂಗಳಿಗೊಂದೇ ಹಡಗು, ನೋಡ್ಕೋ" ಎಂದಿದ್ದರು. ಅವರೇ ಬೇರೆ ದ್ವೀಪದಿಂದ ಸಂಸಾರ ಸಮೇತ ವರ್ಗವಾಗಿ ಬಂದು ಇನ್ನೂ ಹದಿನೈದು ದಿನವಾಗಿರಲಿಲ್ಲ.

ಅಂದೇ ಬೆಳಗ್ಗೆ ಚರ್ಚಿನ ತಿರುವಿನಲ್ಲಿ ಮೊಸೇಸೆಯ ಗೆಣಸಿನ ವ್ಯಾನಿಗೆ ಸಿಕ್ಕಿ ಒಂದು ಹಂದಿ ಸತ್ತಿತು. ಲಿಸಿಯಾಟೆ ಬರುವಷ್ಟರಲ್ಲಿ ಊರೇ ನೆರೆದಿತ್ತು. ಅವನು ಕೋಳಿ ಕಾಳು ಹೆಕ್ಕಿದಂತೆ ಒಂದೊಂದೇ ಅಕ್ಷರ ಕುಕ್ಕತೊಡಗಿದ. ಕುಕ್ಕಿದ್ದೆಲ್ಲ ಆ ಕ್ಷಣವೇ ಠಾಣೆಯ ಪರದೆಗೂ ಹೋಗುತ್ತಿತ್ತು.

"ಸೀಟ್‌ಬೆಲ್ಟ್ ಹಾಕಿತ್ತಾ ಅಂತ ಕೇಳ್ತಿದೆ."

"ನನಗೋ, ಹಂದಿಗೋ?" ಎಂದ ಮೊಸೇಸೆ.

"ಇಬ್ಬರಿಗೂ ಇರ್ಲಿಲ್ಲ ಅಂತ ಬರ್ಕೊಳಪ್ಪ," ಎಂದಳು ಮುದುಕಿ ಅಕೇಸಾ.

"ಯಾರ ಹಂದಿ ಅಜ್ಜಿ ಇದು?"

ಅಕೇಸಾ ಅದರ ಎಡಗಿವಿ ಎತ್ತಿ ನೋಡಿದಳು. ಅಂಚಿನಲ್ಲಿ ಸಾಕಿದವರು ಗುರುತಿಗೆ ಕೊಯ್ದ ಮೂರು ಕಚ್ಚು. "ನಮ್ಮೂರಲ್ಲಿ ಯಾರ ಮನೆ ಗುರುತೂ ಇದಲ್ಲ. ಅನಾಥ, ಪಾಪ. ಬಿಸಿಲಲ್ಲಿ ಬಿಟ್ರೆ ಕೆಟ್ಟುಹೋಗುತ್ತೆ."

"ಅದು ಸಾಕ್ಷ್ಯ, ಅಜ್ಜಿ."

"ಫೋಟೊ ತೆಗಿ. ಸಾಕ್ಷ್ಯ ಅದರಲ್ಲಿರುತ್ತೆ. ಮಾಂಸಕ್ಕೇನು ಕೆಲಸ ಇಲ್ಲಿ?"

ವಾದದಲ್ಲಿ ತಪ್ಪು ಹುಡುಕಿದರೂ ಲಿಸಿಯಾಟೆಗೆ ಸಿಗಲಿಲ್ಲ. ಅಚ್ಚುಕಟ್ಟಿನ ಮನುಷ್ಯ, ಕಿವಿಯ ಫೋಟೊವನ್ನು ನಾಲ್ಕು ಕಡೆಯಿಂದ ತೆಗೆದ.

ಹನ್ನೆರಡನೆಯ ಪ್ರಶ್ನೆಯ ಹೊತ್ತಿಗೆ ಬೆಂಕಿ ಹೊತ್ತಿತು. ಇಪ್ಪತ್ತಕ್ಕೆ ಹಂದಿ ಕೋಲೇರಿ ತಿರುಗುತ್ತಿತ್ತು. ರಸ್ತೆಯ ಇಳಿಜಾರು, ಗಾಳಿಯ ದಿಕ್ಕು, ಚಾಲಕನ ಕನ್ನಡಕ ಎಲ್ಲ ಮುಗಿದು ಮೂವತ್ತೇಳು ತುಂಬುವಷ್ಟರಲ್ಲಿ ಚರ್ಮ ಹಪ್ಪಳವಾಗಿತ್ತು.

"ಒಂದೇ ಪ್ರಶ್ನೆ ಉಳಿದಿದೆ ತಾನೆ? ಮೊದಲು ತಿನ್ನು," ಎಂದು ಅಕೇಸಾ ಬಾಳೆಲೆ ಮುಂದಿಟ್ಟಳು. ಊರಿನವರೆಲ್ಲ ಕೂತು ಉಂಡರು. ಲಿಸಿಯಾಟೆ ಎರಡು ಸಲ ಹಾಕಿಸಿಕೊಂಡ.

ಬೆರಳು ನೆಕ್ಕುತ್ತಿರುವಾಗ ಯಂತ್ರ ಕುಂಯ್‌ಗುಟ್ಟಿತು. ಇನ್‌ಸ್ಪೆಕ್ಟರರ ಸಂದೇಶ: "ಶಹಬ್ಬಾಸ್. ಇಷ್ಟರವರೆಗೆ ಒಂದು ತಪ್ಪೂ ಇಲ್ಲ. ಕಿವಿ ಫೋಟೊ ಎಷ್ಟು ಸ್ಪಷ್ಟವಾಗಿದೆ ಅಂದ್ರೆ, ನೋಡಿದ ಕೂಡಲೇ ನಮ್ಮನೆ ಗುರುತು ಅಂತ ಗೊತ್ತಾಯ್ತು. ಅಮ್ಮನ ಹುಟ್ಟುಹಬ್ಬಕ್ಕೆ ತಂದಿದ್ದು, ನಿನ್ನೆಯಿಂದ ಕಾಣ್ತಿರ್ಲಿಲ್ಲ. ಹೋಗ್ಲಿ, ಹಬ್ಬಕ್ಕೆ ಈಗಲೂ ಆಗುತ್ತೆ. ಜೋಪಾನವಾಗಿಡು, ಬರ್ತಿದ್ದೀನಿ."

ಅದರ ಕೆಳಗೆ ಮೂವತ್ತೆಂಟನೆಯ ಪ್ರಶ್ನೆ ತೆರೆದುಕೊಂಡಿತು: ಸಾಕ್ಷ್ಯವನ್ನು ಈಗ ಎಲ್ಲಿ ಇರಿಸಲಾಗಿದೆ?

ಲಿಸಿಯಾಟೆ ತನ್ನ ಹೊಟ್ಟೆ ನೋಡಿಕೊಂಡ. ಆಮೇಲೆ ಊರಿನವರ ಹೊಟ್ಟೆಗಳನ್ನು ನೋಡಿದ.

"ಅಜ್ಜಿ, ನಿಯುವಾ ಹಡಗು ಯಾವತ್ತು?"

"ಸೋಮವಾರ ಕಣಪ್ಪ. ದೂರದ ದಾರಿ," ಎಂದು ಅಕೇಸಾ ಎದ್ದಳು. "ಒಂದು ತೊಡೆ ಉಳಿದಿದೆ, ಬುತ್ತಿಗೆ ಕಟ್ಟಿಕೊಡ್ತೀನಿ."