ಮಹಾರಾಣಿಯ ತಲೆಯ ಮೇಲೊಂದು ತೂತು

ಅಕ್ಕ ನನಗೆ ವಹಿಸಿದ ಕೆಲಸ ಒಂದೇ: ಏನೂ ಮಾಡದೆ ಇರುವುದು. ಅದೂ ನನ್ನಿಂದಾಗಲಿಲ್ಲ.

ತೊಂಬತ್ತರ ದಶಕ. ದೋಹಾದಲ್ಲಿ ನಾನು ಲಿಲ್ಲಿ ಅಕ್ಕನ ಮನೆಯಲ್ಲೇ ಇದ್ದೆ. ಅವಳು ಆಫೀಸಿನಲ್ಲಿ ಟೈಪಿಸ್ಟ್. ನಾನು ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದ ಡ್ರೈವರ್. ನಿವೃತ್ತರಾಗಿ ಹೊರಟ ಅವಳ ಸಾಹೇಬರು ನೆನಪಿಗೆಂದು ಹಳೆಯ ರೋಮನ್ ಬೆಳ್ಳಿ ನಾಣ್ಯವೊಂದನ್ನು ಕೊಟ್ಟಿದ್ದರು. ನಮ್ಮ ನಾಲ್ಕಾಣೆಯಷ್ಟು ಅಗಲ, ಕಪ್ಪು ಬಣ್ಣ. ಒಂದು ಬದಿಗೆ ಹೆಂಗಸಿನ ಮುಖ, ಇನ್ನೊಂದು ಬದಿಗೆ ನಿಂತ ಹೆಂಗಸು, ಕಾಲಬಳಿ ನವಿಲು. ಯಾರಿವರು? ಅಕ್ಕನಿಗೆ ಅದೇ ಹುಚ್ಚು. ಅಂಚಿನಲ್ಲಿ ಹೆಸರಿದೆ, ಆದರೆ ಕೊಳೆ ಕೂತಿದೆ, ತಿಳಿದವರ ಕೈಯಿಂದಲೇ ತೆಗೆಸಬೇಕು ಎಂದಿದ್ದರಂತೆ ಸಾಹೇಬರು.

ರಜೆಗೆ ಮಂಗಳೂರಿಗೆ ಹೊರಟಾಗ ಅಕ್ಕ, "ಅದನ್ನು ಮುಟ್ಟಬೇಡ ಮಾರಾಯ, ಬಂದ ಮೇಲೆ ನಾನೇ ಓದಿಸ್ತೇನೆ" ಅಂದಳು.

ಅವಳ ವಿಮಾನ ಸಮುದ್ರ ದಾಟುವ ಮೊದಲೇ ನಾಣ್ಯ ನನ್ನ ಅಂಗೈಯಲ್ಲಿತ್ತು! ಮುಖ ನೋಡುವ ಆಸೆ ಅಷ್ಟೇ. ಹಬ್ಬಕ್ಕೆ ಮೊದಲು ಅಮ್ಮ ಶಿಲುಬೆಯನ್ನು ಹುಣಸೆಹುಳಿಯಲ್ಲಿ ಉಜ್ಜುತ್ತಿದ್ದದ್ದು ನೆನಪಾಯಿತು. ಹುಳಿ ಸಾಲದೆ ಹಲ್ಲುಪುಡಿಯೂ ಸೇರಿತು. ಮುಖ ಫಳಫಳ ಹೊಳೆಯಿತು. ಮೂಗು ಸ್ವಲ್ಪ ಕಮ್ಮಿಯಾಯಿತು. ತಲೆಗೆ ಸೆರಗಿತ್ತು, ಅದರ ಮೇಲೆ ಅಂಚಿನಲ್ಲಿ ಉಜ್ಜಿ ಉಳಿದ ನಾಲ್ಕೈದು ಇಂಗ್ಲಿಷ್ ಅಕ್ಷರಗಳು.

ಪಕ್ಕದ ಮನೆಯ ನಮ್ಮೂರ ಹಿರಿಯ ಹಮೀದಾಕನಿಗೆ ತೋರಿಸಿದೆ. "ತಲೆಗೆ ಬಟ್ಟೆ ಉಂಟಲ್ಲ, ನಿಮ್ಮ ಇಗರ್ಜಿಯ ಸಂತರೇ ಇರ್ಬೇಕು" ಎಂದರು.

ನವಿಲು ಯಾಕೆ ಎಂದು ಕೇಳಿದೆ.

"ಸಂತರಿಗೆ ಒಂದು ಹಕ್ಕಿ ಇರಬಾರದಾ?"

ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ನಮ್ಮ ಕೊರಳ ಪದಕಗಳ ಮೇಲಿರುವಂತೆ ಆ ಅಕ್ಷರಗಳೂ ಪ್ರಾರ್ಥನೆಯೇ ಎಂದು ತೀರ್ಮಾನಿಸಿದೆ. ಅಕ್ಕನ ಪದಕ ಹಿಂದಿನ ವರ್ಷ ಕಳೆದುಹೋಗಿತ್ತು. ಅವಳು ಬರುವಷ್ಟರಲ್ಲಿ ಹೊಸದು ಕೊರಳಿಗೆ ಬೀಳಬೇಕು! ಸೂಕ್ ಪೇಟೆಯ ಅಕ್ಕಸಾಲಿಗ ತೂತು ಕೊರೆಯುವ ಮೊದಲು ಅಕ್ಷರಗಳನ್ನು ತೋರಿಸಿ ಪರವಾಗಿಲ್ಲವೇ ಎಂದು ಕೇಳಿದ. ನಾನು ಗಂಭೀರವಾಗಿ, "ಯಲ್ಲಾ, ಖಲಾಸ್, ಬೇಗ ಮುಗಿಸು" ಎಂದು ಅಪ್ಪಣೆ ಕೊಟ್ಟೆ.

ಅಕ್ಕ ಬಂದಳು, ಬ್ಯಾಗಿನಲ್ಲಿ ಹೊಸ ಭೂತಗನ್ನಡಿ ಸಮೇತ. ಸರದ ಸಂತಳನ್ನು ಅವಳ ಕೈಗಿಟ್ಟೆ.

"ಸಂತಳಾ? ಇವಳು ರೋಮಿನ ಮಹಾರಾಣಿ. ಹಿಂದೆ ಇರುವವಳು ಅವರ ದೇವತೆ, ನವಿಲು ಅವಳದ್ದು. ಊರಲ್ಲಿ ಕಾಲೇಜಿನ ಮೇಷ್ಟ್ರನ್ನು ಕೇಳಿ ಬಂದೆ. ರಾಣಿಯ ಹೆಸರೊಂದು ಓದ್ಬೇಕಿತ್ತು."

ನಮ್ಮ ಸಂತರನ್ನು ಸಿಂಹದ ಬಾಯಿಗೆ ಹಾಕಿದ ಊರಿನ ರಾಣಿಯನ್ನೇ ನಾನು ಸಂತಳಾಗಿಸಿದ್ದೆ!

ಅಕ್ಕ ಅಂಚಿನ ಸುತ್ತ ಭೂತಗನ್ನಡಿ ಆಡಿಸಿದಳು. "ಹೆಸರು ಎಲ್ಲಿ?"

ನಾನು ತೂತು ತೋರಿಸಿದೆ. ಅವಳು ನಾಣ್ಯವನ್ನು ಎತ್ತಿ ಹಿಡಿದಳು. ತೂತಿನ ಆಚೆ ಅವಳ ಒಂದು ಕಣ್ಣು ಕಂಡಿತು. ಒದ್ದೆಯಾಗಿತ್ತು.

"ತಪ್ಪಾಯ್ತು ಅಕ್ಕ."

"ನನಗೆ ಯಾಕೆ? ಅವಳಿಗೆ ಹೇಳು."

ಹೆಸರು ಹಿಡಿದು ಕರೆಯೋಣವೆಂದರೆ ಹೆಸರನ್ನೇ ಕೊರೆಸಿದ್ದೆ. ನಾಣ್ಯಕ್ಕೆ ತಲೆಬಾಗಿ ಹೇಳಿದೆ:

"ತಪ್ಪಾಯ್ತು, ಅಮ್ಮಾ... ನೀವು ಯಾರೇ ಆಗಿರಿ."