ಕರಗುವುದನ್ನು ಕಾಯುತ್ತ ಕುಳಿತ ಮಾಮಾ

ನಮ್ಮ ಮಾಮಾ, ಅಂದರೆ ಅವ್ವನ ಅಣ್ಣ, ಹಿತ್ತಲಲ್ಲಿ ಗಿಡ ನೆಟ್ಟದ್ದಕ್ಕಿಂತ ಪ್ಲಾಸ್ಟಿಕ್ ಚೀಲ ಹೂತದ್ದೇ ಹೆಚ್ಚು ಎಂದರೆ ನಂಬುತ್ತೀರಾ? ನಂಬಬೇಡಿ. ಅವರೂ ಯಾರ ಮಾತನ್ನೂ ನಂಬಿದವರಲ್ಲ! ಸಿಂದಗಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದರು. ಪ್ರಯೋಗಾಲಯದ ಬೀಗದ ಕೈ ಹೋಯಿತು, ಚಟ ಹೋಗಲಿಲ್ಲ.

ಇದಕ್ಕೆಲ್ಲ ಮೂಲ ಒಂದು ಕಿಲೋ ಉಳ್ಳಾಗಡ್ಡಿ. ಸಂತೆಯಲ್ಲಿ ಕೊಟ್ಟ ಚೀಲದ ಮೇಲೆ ‘ಮಣ್ಣಿನಲ್ಲಿ ಕರಗುತ್ತದೆ’ ಎಂದು ಅಚ್ಚಾಗಿತ್ತು.

“ಎಷ್ಟ ದಿನಕ್ಕ ಕರಗತೈತಿ?” ಮಾಮಾ ಕೇಳಿದರು.

“ಮಾಸ್ತರ, ನಾ ಉಳ್ಳಾಗಡ್ಡಿ ಮಾರಾಂವ್ರಿ. ಕೊಳಿಯೂದು ಕೇಳ್ರಿ, ಹೇಳ್ತೇನಿ. ಕರಗೂದು ನನಗ ಗೊತ್ತಿಲ್ಲ!”

ಅಷ್ಟು ಸಾಕಾಯಿತು. ಒಂದು ಚೀಲ ಹಿತ್ತಲಿನ ಎರೆ ಮಣ್ಣಿಗೆ, ಅವನಿಂದಲೇ ಕೇಳಿ ತಂದ ಇನ್ನೊಂದು ತಿಪ್ಪೆಗೆ. ಗುರುತಿಗೆ ಒಂದೊಂದು ಕೋಲು. ಪ್ರತಿ ಸೋಮವಾರ ಅಗೆದು ನೋಡುವುದು, ಮತ್ತೆ ಮುಚ್ಚುವುದು! ಪಕ್ಕದ ಮನೆಯಾಕೆ ಗುಟ್ಟಾಗಿ ಅತ್ತೆಯನ್ನು ಕೇಳಿದಳು, “ಮಾಸ್ತರ ಬಂಗಾರ ಹುಗದಾರೇನ?”

“ಬಂಗಾರ ಇದ್ದಿದ್ರ ಇಷ್ಟೊತ್ತಿಗೆ ನಾನ ಅಗದಿರತಿದ್ನಿ ಬಾಯಿ!”

ಬೇಸಿಗೆಯಿಡೀ ಕಳೆದರೂ ಎರೆ ಮಣ್ಣಿನ ಚೀಲ ಹಾಗೆಯೇ ಇತ್ತು. ಅತ್ತೆ ಅದನ್ನು ತೊಳೆದು ಹಸಿಮೆಣಸಿನಕಾಯಿ ತುಂಬಿಟ್ಟರು. ತಿಪ್ಪೆಯದು ಮಾತ್ರ ಮಳೆಗಾಲ ಮುಗಿಯುವಷ್ಟರಲ್ಲಿ ಚಿಂದಿ ಚಿಂದಿ. “ಇದಕ್ಕ ಬಿಸಿ ಬೇಕು, ಹಸಿ ಬೇಕು, ತಿನ್ನಾಕ ಸೂಕ್ಷ್ಮಜೀವಿ ಬೇಕು. ಬರೇ ಮಣ್ಣಾಗ ಒಗದ್ರ ಆತೇನು?” ಎಂದು ಮಾಮಾ ಹಾಲಿನವನನ್ನು ನಿಲ್ಲಿಸಿಕೊಂಡು ಪಾಠ ಮಾಡಿದರು. ಅವನ ಹಾಲು ಒಡೆಯಿತು.

ಆಮೇಲೆ ಅತ್ತೆಗೆ ಗರ್ಭಕೋಶದ ಆಪರೇಷನ್ ಆಯಿತು, ವಿಜಯಪುರದಲ್ಲಿ. ಡಾಕ್ಟರಮ್ಮ ಹೊರಗೆ ಬಂದು, “ಒಳಗಿನ ಹೊಲಿಗಿ ತಗಿಯೂದ ಬ್ಯಾಡ್ರಿ. ಕರಗೂ ದಾರ” ಎಂದರು.

ಮಾಮಾ ನೆಟ್ಟಗೆ ಕೂತರು. “ಎಂಥಾ ದಾರ?”

“ಅದು ಪ್ಲಾಸ್ಟಿಕ್ ಜಾತಿದರಿ, ಒಂದ ನಮೂನಿ ಪಾಲಿಯೆಸ್ಟರ್.”

“ಯಕ್ಕಾ! ನನ್ನ ಹಿತ್ತಲದ ಎರ್ಯಾಗ ಹುಗದ ಕರಗೂ ಚೀಲ ಹಂಗ ಹೊಳ್ಳಿ ಬಂದೈತ್ರಿ!”

ಡಾಕ್ಟರಮ್ಮನಿಗೆ ನಗು ತಡೆಯಲಿಲ್ಲ. “ಅದ ಬ್ಯಾರೆ, ಇದ ಬ್ಯಾರೆರಿ. ನಿಮ್ಮ ಎರಿ ಒಣಗಿರತೈತಿ. ಮೈಯಾಗ ಬಿಸಿ ಐತಿ, ನೀರ ಐತಿ. ಆ ನೀರ ದಾರದ ಎಳಿ ಸಾವಕಾಶ ಕಡೀತೈತಿ.”

“ಗಾಯ ಕೂಡೂಕಿಂತ ಮೊದಲ ಕಡದ್ರ?”

ಈಗ ಅವರ ದನಿಯಲ್ಲಿ ಮಾಸ್ತರಿಕೆ ಇರಲಿಲ್ಲ. “ಕೂಡೂತನಕ ಹಿಡೀತೈತ್ರಿ” ಎಂದು ಡಾಕ್ಟರಮ್ಮ ಎರಡು ಸಲ ಹೇಳಬೇಕಾಯಿತು.

ಮನೆಗೆ ಬಂದ ಮೇಲೆ ಪ್ರತಿ ಸೋಮವಾರ ಅದೇ ಪ್ರಶ್ನೆ. “ಒಳಗ ಚುಚ್ಚತೈತೇನು? ಎಳೀತೈತೇನು?” ಅತ್ತೆಗೆ ರೋಸಿ ಹೋಯಿತು. “ನನ್ನೂ ಅಗದ ನೋಡ್ತೀರೇನು?” ಎಂದು ಕೇಳಿಯೇ ಬಿಟ್ಟರು! ಭಾರ ಎತ್ತಬಾರದೆಂದು ಹೇಳಿದ್ದರಿಂದ ನಳದ ನೀರೆಲ್ಲ ಮಾಮಾನೇ ತರುತ್ತಿದ್ದರು, ಅರ್ಧ ಕೊಡ ಅಂಗಳಕ್ಕೆ ಕುಡಿಸಿ.

ಮೂರು ತಿಂಗಳಾದ ಮೇಲೆ ತಪಾಸಣೆಗೆ ನಾನೂ ಹೋಗಿದ್ದೆ. ಗಾಯ ಪೂರಾ ಕೂಡಿತ್ತು, ದಾರದ ಚಿಂತೆ ಇನ್ನಿರಲಿಲ್ಲ, ಕೊಡ ಎತ್ತಲೂ ಅಪ್ಪಣೆ ಸಿಕ್ಕಿತು. ಮಾಮಾ ಬಿಟ್ಟ ಉಸಿರಿಗೆ ಮೇಜಿನ ಮೇಲಿನ ಚೀಟಿ ಹಾರಿತು. ನನಗೂ ಎದೆ ಹಗುರಾಯಿತು, ಸುಳ್ಳೇಕೆ?

ಮರುದಿನ ನಳ ಬಂದಾಗ ಅತ್ತೆ ಕೊಡಕ್ಕೆ ಕೈ ಹಾಕಿದರು. ಮಾಮಾ ಓಡಿ ಬಂದು ಹಿಡಿದರು.

“ಬಿಡ್ರಿ, ಡಾಕ್ಟರ ಹೇಳ್ಯಾರಲ್ಲ.”

“ಹೇಳ್ಯಾರ.” ಮಾಮಾ ಕೊಡ ಬಿಡಲಿಲ್ಲ. “ನೀ ದವಾಖಾನ್ಯಾಗ ಇದ್ದಾಗ ನಿನ್ನ ಸೀರಿ ಅರಬಿ ಒಯ್ಯಾಕಂತ ನಾ ಒಬ್ಬಾಂವ ಮನಿಗೆ ಬಂದಿದ್ನಿ. ಒಂದ ತಾಸ ಕೂಡಾಕ ಆಗಲಿಲ್ಲ ನನಗ ಈ ಮನ್ಯಾಗ.”

ಅತ್ತೆ ಮೆಲ್ಲಗೆ ಕೊಡದಿಂದ ಕೈ ತೆಗೆದರು.